ಮಾಸ್ಟ್ರು ಓದದೆ ಬಿಟ್ಟದ್ದು

ನಾನು ಬಾಡಿಗೆಗಿರುವ ಮನೆಯ ಮಾಲಕರು ಮರದ ವ್ಯಾಪಾರಿ. ಪಣಂಬೂರಿನ ಬಂದರಿಗೆ ಹಡಗಿನಲ್ಲಿ ಬರುವ ದಿಮ್ಮಿಗಳನ್ನು ತರಿಸಿ, ಕೊಯ್ಸಿ ಮಾರುವುದು ಅವರ ಕಸುಬು. ಹಜ್ ಯಾತ್ರೆ ಮುಗಿಸಿದವರಾದ್ದರಿಂದ ಊರಿಗೆಲ್ಲ ಅವರು ಹಾಜಿಯವರು. ಕಂಕನಾಡಿಯಿಂದ ಸ್ವಲ್ಪ ಒಳಗೆ ಇಳಿಜಾರಿನಲ್ಲಿ ಅವರ ಮನೆ. ಅದೇ ಕಂಪೌಂಡಿನ ಹಿಂಬದಿಯ ಮಹಡಿಯಲ್ಲಿ ಎರಡು ಕೋಣೆ ನನ್ನದು. ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ನಾನು ಉಪಸಂಪಾದಕ. ಮಧ್ಯಾಹ್ನದ ಮೇಲೆ ಕೆಲಸ, ಬೆಳಿಗ್ಗೆ ಬಿಡುವು. ಆ ಬಿಡುವಿನ ಹೊತ್ತಿನಲ್ಲಿ, ಆ ಮನೆಯ ಮುಂದೆ, ಒಬ್ಬ ಮನುಷ್ಯ ಮೇಲೇರಿದ್ದನ್ನೂ ಕೆಳಗಿಳಿದದ್ದನ್ನೂ ನಾನು ಕಂಡೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಕಾಣದೆ ಕೇಳಿದ್ದು ಇದ್ದರೆ ಕೇಳಿದ್ದು ಎಂದೇ ಹೇಳುತ್ತೇನೆ.

ಮನೆಯ ಮುಂದಿನ ಸಿಟೌಟ್ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರ ತನಕ ಹಾಜಿಯವರ ಆಸ್ಥಾನ. ಅವರಿಗೊಂದು ಬೆತ್ತದ ಕುರ್ಚಿ, ಬಂದವರಿಗೆ ಗೋಡೆಗೆ ಸಾಲಾಗಿಟ್ಟ ಪ್ಲಾಸ್ಟಿಕ್ ಕುರ್ಚಿಗಳು. ಮಸೀದಿ ಕಮಿಟಿಯವರು, ಶಾಲೆಯ ಕಟ್ಟಡಕ್ಕೆ ಸಹಾಯ ಕೇಳುವವರು, ಮಗನಿಗೆ ಗಲ್ಫಿನಲ್ಲಿ ಒಂದು ಕೆಲಸ ಆಗಬೇಕಾದವರು, ಅಣ್ಣತಮ್ಮಂದಿರ ಜಗಳ ಹೊತ್ತು ತಂದವರು, ಪಣಂಬೂರಿನ ಅವರ ಮರದ ಯಾರ್ಡಿನ ಮೇಸ್ತ್ರಿ, ಹೀಗೆ ದಿನಕ್ಕೆ ಹತ್ತು ಹನ್ನೆರಡು ಜನ. ಜಾತಿ ಮತ ಅಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಯಾರು ಮೊದಲು ಬಂದರು ಎಂಬುದಷ್ಟೇ ಬರುತ್ತಿತ್ತು. ಹಾಜಿಯವರು ಮನೆಯೊಳಗೆ ಬ್ಯಾರಿ ಮಾತಾಡುತ್ತಿದ್ದರು, ಯಾರ್ಡಿನವರೊಡನೆ ತುಳು. ಆದರೆ ಆ ಒಂದೂವರೆ ಗಂಟೆ ಕನ್ನಡವೇ. "ಪೇಪರಿನ ಹೊತ್ತಿಗೆ ಪೇಪರಿನ ಭಾಷೆ" ಎನ್ನುತ್ತಿದ್ದರು.

ಪೇಪರು ಓದುವುದಕ್ಕೂ ಅವರಲ್ಲಿ ಕ್ರಮವಿತ್ತು. ಮೊದಲು ನಿಧನ ವಾರ್ತೆ. ಅದು ಮುಗಿಯದೆ ಮುಖಪುಟಕ್ಕೆ ಬರುವಂತಿಲ್ಲ. ಈ ಊರಿನಲ್ಲಿ ಹೀಗೆ ಓದುವವರು ಬಹಳ ಜನ. ನಮ್ಮ ಕಚೇರಿಗೆ ಬರುವ ಫೋನುಗಳಲ್ಲೂ ತಪ್ಪಿನ ದೂರು ಹೆಚ್ಚಾಗಿ ಆ ಕಾಲಮಿನದ್ದೇ. ನಾನೊಮ್ಮೆ ಯಾಕೆ ಎಂದು ಕೇಳಿದ್ದಕ್ಕೆ ಹಾಜಿಯವರು ಹೇಳಿದ್ದಿಷ್ಟು:

"ಇವತ್ತು ಎಲ್ಲಿಗಾದರೂ ಹೋಗ್ಲಿಕ್ಕೆ ಉಂಟಾ ಅಂತ ಮೊದಲು ಗೊತ್ತಾಗ್ಬೇಕಲ್ಲ ಮಾರಾಯ್ರೆ. ಪ್ರಧಾನಿ ಎಲ್ಲಿಗೂ ಓಡಿಹೋಗುದಿಲ್ಲ. ಮಯ್ಯತ್ತು ಕಾಯುದಿಲ್ಲ."

ಮಯ್ಯತ್ತು ಎಂದರೆ ಹೆಣ. ಮದುವೆಗೆ ಹೋಗದಿದ್ದರೆ ಕ್ಷಮೆ ಉಂಟು, ಸಾವಿಗೆ ಹೋಗದಿದ್ದರೆ ಇಲ್ಲ ಎಂಬುದು ಅವರ ಲೆಕ್ಕ. ಹಿಂದೂಗಳ ಮನೆಯಾಗಲಿ, ಕ್ರಿಶ್ಚಿಯನರ ಮನೆಯಾಗಲಿ, ಹೆಣ ಎತ್ತುವ ಮೊದಲು ಅವರ ಬಿಳಿ ಕಾರು ಗೇಟಿನ ಹತ್ತಿರ ನಿಂತಿರುತ್ತಿತ್ತು.

ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತಿಂದಿತು. ಎದುರಿಗಿದ್ದವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಕ್ಷರದ ಮಾತೇ ಇಲ್ಲ. ಯಾರ್ಡು ನೋಡಿಕೊಳ್ಳುವ ದೊಡ್ಡ ಮಗ ಕೆಲವು ದಿನ ಪೇಪರು ಓದಿ ಹೇಳಿದ. ಇಂಗ್ಲಿಷ್ ಶಾಲೆಯಲ್ಲಿ ಕಲಿತವನು. ಒತ್ತಕ್ಷರ ಬಂದಲ್ಲೆಲ್ಲ ಮುಗ್ಗರಿಸುತ್ತಿದ್ದ. ಹಾಜಿಯವರು ಒಂದು ವಾರ ತಡೆದುಕೊಂಡರು.

"ಸಾಕು ಮೋನೆ. ನೀನು ಓದಿದರೆ ಸತ್ತವನೇ ಎದ್ದು ಬಂದು ತನ್ನ ಹೆಸರು ಸರಿ ಮಾಡಿಯಾನು" ಎಂದರು. ಸಿಟೌಟ್ ಪೂರ್ತಿ ನಕ್ಕಿತು. ಮಗನೂ ನಕ್ಕ.

ಅದೇ ಸಮಯಕ್ಕೆ ನಮ್ಮ ಪತ್ರಿಕೆ ಕರಡು ತಿದ್ದುವ ವಿಭಾಗವನ್ನು ಮುಚ್ಚಿತ್ತು. ಅಲ್ಲಿದ್ದವರಲ್ಲಿ ಒಬ್ಬರು ವಾಮಂಜೂರಿನವರು, ಐವತ್ತು ದಾಟಿದವರು. ಹಿಂದೆ ಕರಡು ತಿದ್ದಲು ಇಬ್ಬರು ಕೂರುತ್ತಿದ್ದರು. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಹಾಳೆಯಲ್ಲಿ ಬೆರಳಿಟ್ಟು ನೋಡುವುದು. ಇವರು ಓದುವವರು. ವರ್ಷಗಟ್ಟಲೆ ಓದಿ ಅವರ ದನಿ ಏರಿಳಿತವಿಲ್ಲದೆ, ಸ್ಪಷ್ಟವಾಗಿ, ಉಪ್ಪು ಖಾರ ಹಾಕದ ಗಂಜಿಯ ಹಾಗೆ ಆಗಿತ್ತು. ಕೆಲಸವಿಲ್ಲದೆ ಕೂತಿದ್ದ ಅವರನ್ನು ನಾನೇ ಹಾಜಿಯವರಲ್ಲಿಗೆ ಕರೆತಂದೆ.

ಮೊದಲ ದಿನ ಅವರು ಅಭ್ಯಾಸಬಲದಿಂದ ವಿರಾಮ ಚಿಹ್ನೆಗಳನ್ನೂ ಓದಿಬಿಟ್ಟರು. "ಅಲ್ಪಕಾಲದ ಅಸೌಖ್ಯದಿಂದ ಸ್ವಗೃಹದಲ್ಲಿ ನಿಧನರಾದರು, ಪೂರ್ಣವಿರಾಮ." ಕೂತವರಿಗೆ ನಗು ತಡೆಯಲಾಗಲಿಲ್ಲ. ಹಾಜಿಯವರು ಕೈ ಎತ್ತಿ ಸುಮ್ಮನಿರಿಸಿದರು.

"ಇರ್ಲಿ, ಇರ್ಲಿ. ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವ ಒಬ್ಬ ಮನುಷ್ಯ ಈ ಮನೆಗೆ ಬಂದ್ರಲ್ಲ. ಮಾಸ್ಟ್ರೆ, ನಾಳೆಯಿಂದ ಬನ್ನಿ."

ಅಂದಿನಿಂದ ಅವರು ಮಾಸ್ಟ್ರು.

ಏರಿದ್ದು ಹೇಗೆ ಎಂದು ಹೇಳುವುದು ಸುಲಭ. ಪೇಪರು ಓದುವವರೇ ಟಪಾಲನ್ನೂ ಓದಬೇಕಾಯಿತು. ಟಪಾಲು ಓದುವವರೇ ಆಮಂತ್ರಣ, ಅರ್ಜಿ, ಮಾತ್ರೆಯ ಚೀಟಿ, ಬಂದರಿನಿಂದ ಬಂದ ಕಾಗದ, ಎಲ್ಲವನ್ನೂ. ಮೊದಲ ವರ್ಷ ಮಾಸ್ಟ್ರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಎರಡನೆಯ ವರ್ಷ ಹಾಜಿಯವರ ಕುರ್ಚಿಯ ಎಡಕ್ಕೆ ಅದೇ ಬೆತ್ತದ ಇನ್ನೊಂದು ಕುರ್ಚಿ ಬಂತು. ಹಾಜಿಯವರು "ನೀವು" ಬಿಟ್ಟು "ನೀನು" ಎನ್ನತೊಡಗಿದರು. ಅಷ್ಟು ಹತ್ತಿರದವರಿಗೆ ಮಾತ್ರ ಅವರು ಹಾಗೆ ಎನ್ನುತ್ತಿದ್ದದ್ದು. ವಾಮಂಜೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮಾಸ್ಟ್ರನ್ನು ಹಾಜಿಯವರ ಡ್ರೈವರು ಕಾರಿನಲ್ಲಿ ಬಿಟ್ಟು ಬರತೊಡಗಿದ. ಮೊದಲು ಮುಂದಿನ ಸೀಟು, ಆಮೇಲೆ ಹಿಂದಿನದು.

ಜನ ಇದನ್ನು ಬೇಗ ಓದಿಕೊಂಡರು. ಹಾಜಿಯವರಿಗೆ ಅರ್ಜಿ ಕೊಡುವ ಮೊದಲು ಗೇಟಿನ ಬಳಿ ಮಾಸ್ಟ್ರನ್ನು ಕಾಣುವ ರೂಢಿ ಬೆಳೆಯಿತು. ಯಾವ ಕಾಗದ ಕಟ್ಟಿನ ಮೇಲಿರಬೇಕು, ಯಾವುದು ಕೆಳಗೆ ಎಂಬುದು ಅವರ ಕೈಯಲ್ಲಿತ್ತು. ಯಾರ್ಡಿನ ಮೇಸ್ತ್ರಿ ಅವರಿಗೆ ದಿವಾನರು ಎಂದು ಹೆಸರಿಟ್ಟ. "ಎಂತ ದಿವಾನರೆ, ಇವತ್ತು ನಮ್ಮ ಮೇಲೆ ಕೃಪೆ ಉಂಟಾ?" ಎಂದು ಎದುರಿಗೇ ಕೇಳುತ್ತಿದ್ದ. ಮಾಸ್ಟ್ರು ಮುಖ ಗಂಟಿಕ್ಕುತ್ತಿದ್ದರು. ಆದರೆ ಬೇಡವೆಂದು ಹೇಳಿದ್ದನ್ನು ನಾನು ಕೇಳಿಲ್ಲ.

ಅವರು ಕೆಟ್ಟವರಾಗಿರಲಿಲ್ಲ. ಆದರೆ ಪೂರ್ತಿ ಶುದ್ಧವಾಗಿದ್ದರು ಎಂದು ಬರೆದರೆ ಅದೂ ತಪ್ಪಾದೀತು. ಯಾರ್ಡಿನ ಕೆಲಸಗಾರರು ಒಮ್ಮೆ ಹಾಜಿಯವರಿಗೆ ಕಾಗದ ಬರೆದರು. ಮಾಸ್ಟ್ರು ನಮ್ಮನ್ನು ಗೇಟಿನಲ್ಲಿ ಕಾಯಿಸುತ್ತಾರೆ, ಒಳಗೆ ಬಿಡುವುದಿಲ್ಲ ಎಂದು ಅದರಲ್ಲಿತ್ತಂತೆ. ಆ ಕಾಗದವನ್ನು ಓದಬೇಕಾದವರು ಮಾಸ್ಟ್ರೇ. ಅದನ್ನು ಓದಿದ್ದು ಯಾರೂ ಕೇಳಲಿಲ್ಲ. ಮೇಸ್ತ್ರಿ ಇದನ್ನು ನನಗೆ ಹೇಳಿದಾಗ ನಾನು ಮಾಸ್ಟ್ರನ್ನು ಕೇಳಿದೆ.

"ಮುದುಕ ಮನುಷ್ಯ ಸರ್, ಬೆಳಿಗ್ಗೆ ಬೆಳಿಗ್ಗೆ ಯಾಕೆ ತಲೆಬಿಸಿ ಕೊಡುದು" ಎಂದರು.

ಹಾಜಿಯವರಿಗೆ ಒಬ್ಬ ಗೆಳೆಯರಿದ್ದರು, ಬಜಪೆಯವರು. ಹಳೆ ಬಂದರಿನಲ್ಲಿ ಇಬ್ಬರೂ ಹದಿಹರೆಯದಲ್ಲಿ ಒಂದೇ ಲಾರಿಗೆ ದಿಮ್ಮಿ ಏರಿಸಿದವರು. ಒಬ್ಬರು ಮರದ ವ್ಯಾಪಾರಿಯಾದರು, ಇನ್ನೊಬ್ಬರು ಊರಿಗೆ ಮರಳಿ ಗದ್ದೆ ಮಾಡಿಕೊಂಡರು. ತಿಂಗಳಿಗೊಂದು ಶುಕ್ರವಾರ, ಹಾಜಿಯವರು ಜುಮಾ ನಮಾಜು ಮುಗಿಸಿ ಬರುವ ಹೊತ್ತಿಗೆ, ಬಜಪೆಯವರು ಬಸ್ಸಿಳಿದು ಬಂದು ಸಿಟೌಟಿನಲ್ಲಿ ಕೂತಿರುತ್ತಿದ್ದರು. ಕಿವಿ ಮಂದ, ಹಾಗಾಗಿ ಫೋನಿನ ವ್ಯವಹಾರವಿಲ್ಲ. ಒಬ್ಬರಿಗೆ ಕಾಣುವುದಿಲ್ಲ, ಇನ್ನೊಬ್ಬರಿಗೆ ಕೇಳುವುದಿಲ್ಲ. ಇಬ್ಬರ ಮಾತೂ ನನ್ನ ಮಹಡಿಗೆ ಚೆನ್ನಾಗಿ ಕೇಳುತ್ತಿತ್ತು.

"ನೀನು ಮೊದಲು ಸತ್ತರೆ ನಿನ್ನ ಕಟ್ಟಿಗೆ ನನ್ನದು" ಎಂದು ಹಾಜಿಯವರು ಕೂಗುತ್ತಿದ್ದರು. "ಒಳ್ಳೆ ಮಾವಿನ ಮರ. ಯಾರ್ಡಿನಿಂದ ನಾನೇ ತರ್ತೇನೆ."

"ನೀನು ಮೊದಲು ಹೋದರೆ ನಾನೆಂತ ಕೊಡುದು?"

"ನನಗೆಂತ, ಮೂರು ಹಿಡಿ ಮಣ್ಣು ಹಾಕು."

"ಹಾಗಾದರೆ ನೀನೇ ಮೊದಲು ಹೋಗು ಮಾರಾಯ. ಮಣ್ಣು ಫ್ರೀ."

ಅಷ್ಟು ವರ್ಷದಲ್ಲಿ ಈ ಸಂಭಾಷಣೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಪ್ರತಿ ಸಲವೂ ಇಬ್ಬರೂ ಹೊಸದಾಗಿ ಕೇಳಿದವರಂತೆ ನಗುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಹಾಜಿಯವರಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಕಳುಹಿಸಿದರು. ಮನಸ್ಸಿಗೆ ಆಘಾತ ಆಗುವಂಥದ್ದನ್ನು ಒಂದು ತಿಂಗಳು ಹೇಳಬೇಡಿ ಎಂದು ಡಾಕ್ಟರು ಮನೆಯವರಿಗೆ ಹೇಳಿದ್ದರು. ಅವರು ಸಿಟೌಟಿಗೆ ಮರಳಿ ಐದಾರು ದಿನವಾಗಿತ್ತು. ಒಂದು ಸಂಜೆ ನಮ್ಮ ಕಚೇರಿಗೆ ಬಂದ ನಿಧನ ವಾರ್ತೆಗಳಲ್ಲಿ ಬಜಪೆಯ ಗೆಳೆಯರದ್ದೂ ಇತ್ತು. ಬೆಳಿಗ್ಗೆ ಗದ್ದೆಯ ಬದಿಯಲ್ಲಿ ಕುಸಿದರು, ಮಧ್ಯಾಹ್ನವೇ ದಹನ ಆಯಿತು. ಆ ಪುಟ ನನ್ನದು. ನಾಲ್ಕು ಜನರ ನಡುವೆ ಮೂರನೆಯವರಾಗಿ, ಭಾವಚಿತ್ರದೊಂದಿಗೆ, ನಾನೇ ಅವರನ್ನು ಹಾಕಿದೆ. ಹಾಜಿಯವರಿಗೆ ಆಗಲೇ ಗೊತ್ತಾಗಿರುತ್ತದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಚಾ ಕುಡಿಯುತ್ತ ನಾನು ಸಿಟೌಟಿನಲ್ಲಿದ್ದೆ. ಮಾಸ್ಟ್ರು ಪೇಪರು ಬಿಡಿಸಿದರು. ಮೊದಲನೆಯವರನ್ನು ಓದಿದರು, ಎರಡನೆಯವರನ್ನು ಓದಿದರು, ಒಂದು ಉಸಿರಿನಷ್ಟು ನಿಂತರು. ಆಮೇಲೆ ನಾಲ್ಕನೆಯವರನ್ನು ಓದಿದರು. ದೊಡ್ಡ ಮಗ ಬಾಗಿಲಿಗೆ ಒರಗಿ ನಿಂತಿದ್ದ.

"ಮೂರೇ ಜನವಾ ಇವತ್ತು?" ಎಂದರು ಹಾಜಿಯವರು.

"ಮೂರೇ."

"ಹಾಂ. ಗುರುತಿನವರು ಯಾರೂ ಇಲ್ಲ. ಮುಂದಿನದ್ದು ಓದು."

ನನ್ನ ಕೈಯಲ್ಲಿ ಲೋಟ ಇತ್ತು. ಮಗ ನನ್ನ ಕಡೆ ನೋಡಿ ತಲೆಯನ್ನು ಸ್ವಲ್ಪ ಅಲ್ಲಾಡಿಸಿದ. ನಾನು ಚಾ ಮುಗಿಸಿದೆ.

ಗೇಟಿನ ಹೊರಗೆ ಮಾಸ್ಟ್ರನ್ನು ಹಿಡಿದು ಕೇಳಿದೆ. ಮಗ ಬೆಳಿಗ್ಗೆ ದಾರಿಯಲ್ಲೇ ಅವರನ್ನು ತಡೆದಿದ್ದನಂತೆ. "ಮಾಸ್ಟ್ರೆ, ಆ ಒಂದನ್ನು ಬಿಡಿ. ಸಮಯ ನೋಡಿ ನಾನೇ ಹೇಳ್ತೇನೆ." ಹಿಂದಿನ ದಿನ ಬಜಪೆಗೆ ಹೋಗಿ ದಹನಕ್ಕೆ ನಿಂತದ್ದೂ ಅವನೇ. ತಂದೆ ಮೇಲಿನ ಪ್ರೀತಿಯಿಂದಲೇ ಅವನು ಹಾಗೆ ಮಾಡಿದ್ದು. ಅದರ ಬಗ್ಗೆ ನನಗೆ ಆಗಲೂ ಈಗಲೂ ಸಂಶಯವಿಲ್ಲ.

"ನಾಡಿದ್ದು ಚೆಕಪ್ ಉಂಟಂತೆ. ಆಮೇಲೆ ಹೇಳ್ತಾರಂತೆ" ಎಂದರು ಮಾಸ್ಟ್ರು.

ಚೆಕಪ್ ಆಯಿತು. ಬಿ.ಪಿ. ಏರಿದೆ, ಇನ್ನೊಂದು ವಾರ ಹೋಗಲಿ ಎಂದಾಯಿತು. ಆ ವಾರ ಕಳೆಯುವ ಮೊದಲೇ ಬೊಜ್ಜದ, ಎಂದರೆ ಹದಿಮೂರನೆಯ ದಿನದ ಉತ್ತರಕ್ರಿಯೆಯ, ಕಾಗದ ಬಂತು. ಅದೂ ಮಾಸ್ಟ್ರ ಕೈಗೇ ಬಂತು. ಅವರು ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡದ್ದನ್ನು ನಾನು ನೋಡಿದೆ. ಅಂದು ಅವರೇ ನನ್ನ ಮಹಡಿ ಹತ್ತಿ ಬಂದರು.

"ಸರ್, ನಾನೇ ಹೇಳಿಬಿಡಲಾ?"

"ಅದು ಮನೆಯವರ ವಿಷಯ ಮಾಸ್ಟ್ರೆ" ಎಂದೆ ನಾನು. "ಮಗ ಹೇಳ್ತೇನೆ ಅಂದಿದ್ದಾನಲ್ಲ."

ಮೂವತ್ತು ವರ್ಷದ ಕೆಲಸದಲ್ಲಿ ಹಲವರಿಗೆ ಹಲವು ಸಲಹೆ ಕೊಟ್ಟಿದ್ದೇನೆ. ಇದೊಂದನ್ನು ಹಿಂದಕ್ಕೆ ಪಡೆಯುವ ದಾರಿ ಇದ್ದರೆ ಪಡೆಯುತ್ತಿದ್ದೆ.

ಬೊಜ್ಜ ಮುಗಿದ ಮೂರನೆಯ ಬೆಳಿಗ್ಗೆ, ಎಂಟು ಗಂಟೆಗೆ, ಬಜಪೆಯ ಗೆಳೆಯರ ಮಗಳು ಗೇಟು ತೆರೆದು ಬಂದರು. ಅಂಗನವಾಡಿ ಟೀಚರು, ನಲವತ್ತರ ಆಸುಪಾಸು. ಸಿಟೌಟಿನಲ್ಲಿ ಏಳೆಂಟು ಜನರಿದ್ದರು. ಮಗ ಕಾರಿನ ಕೀ ಹಿಡಿದು ಹೊರಡುವುದರಲ್ಲಿದ್ದ. ಮಾಸ್ಟ್ರು ಮುಖಪುಟ ಓದುತ್ತಿದ್ದರು. ಟೀಚರು ಹಾಜಿಯವರ ಕಾಲ ಬಳಿ ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡರು.

"ಹಾಜಿ ಮಾಮ, ನಿಮಗೆ ಬರ್ಲಿಕ್ಕೆ ಆಗ್ಲಿಲ್ಲ ಅಂತ ನಾನೇ ಬಂದೆ."

ಹಾಜಿಯವರು ದನಿ ಗುರುತಿಸಿದರು. ಮುಖ ಅರಳಿತು.

"ಓ, ಬಾ ಮಗಾ, ಬಾ. ನಿನ್ನಪ್ಪ ಎಂತ, ಹೋದ ಶುಕ್ರವಾರವೂ ಬರ್ಲಿಲ್ಲ? ನನಗೆ ಆಪರೇಷನ್ ಆದದ್ದಕ್ಕೆ ಹೆದರಿದ್ದಾನಾ?"

ಟೀಚರು ತಲೆಯೆತ್ತಿ ಮಗನನ್ನು ನೋಡಿದರು. ತನ್ನ ಅಪ್ಪನಿಗೆ ಎಲ್ಲ ಗೊತ್ತುಂಟು, ತುಂಬ ಅತ್ತರು, ಡಾಕ್ಟರು ಬಿಡುವುದಿಲ್ಲ ಎಂದು ಅವನು ಬಜಪೆಯಲ್ಲಿ ಹೇಳಿದ್ದನಂತೆ. ಅದು ನಮಗೆ ತಿಳಿದದ್ದು ಆಮೇಲೆ. ಆಗ ಅವನು ಕಾರಿನ ಕೀಯನ್ನು ಕಿಸೆಗೆ ಹಾಕಿದ.

"ಮಾಮ," ಎಂದರು ಟೀಚರು, "ಅಪ್ಪ ಹೋಗಿ ಹದಿನಾರು ದಿನ ಆಯ್ತು. ಬೊಜ್ಜವೂ ಆಯ್ತು."

ಹಾಜಿಯವರು ಅಳಲಿಲ್ಲ. ಎದೆ ಹಿಡಿದುಕೊಳ್ಳಲೂ ಇಲ್ಲ. ಒಂದು ಪ್ರಶ್ನೆ ಕೇಳಿದರು.

"ಕಟ್ಟಿಗೆ ಯಾರದ್ದು?"

"ಸ್ಮಶಾನದಲ್ಲೇ ಇತ್ತು ಮಾಮ. ಹೊಂದಿಸಿದರು."

ಅವರು ಎಡಕ್ಕೆ ತಿರುಗಿದರು. "ಪೇಪರಿನಲ್ಲಿ ಬಂದಿತ್ತಾ?"

"ಬಂದಿತ್ತು" ಎಂದರು ಮಾಸ್ಟ್ರು. ದಿನ ಹೇಳಿದರು, ಪುಟ ಹೇಳಿದರು, ಮೂರನೆಯದ್ದಾಗಿ ಇತ್ತು ಎಂದೂ ಹೇಳಿದರು. ಕರಡು ತಿದ್ದುವವರು ಹಾಗೆಯೇ ಹೇಳುವುದು. "ನಾನು ಓದಲಿಲ್ಲ."

"ಯಾಕೆ?"

ಮಗ ಅಲ್ಲಿಯೇ ಇದ್ದ, ಮೂರು ಹೆಜ್ಜೆ ಆಚೆ. ಮಾಸ್ಟ್ರು ಅವನ ಕಡೆ ನೋಡಲಿಲ್ಲ. "ನಿಮ್ಮ ಆರೋಗ್ಯ..." ಎಂದು ಅಷ್ಟಕ್ಕೆ ನಿಲ್ಲಿಸಿದರು.

"ಬೇರೆ ಎಂತೆಲ್ಲ ಬಿಟ್ಟಿದ್ದೀಯ?"

ಈ ಪ್ರಶ್ನೆಗೆ ಏನೂ ಇಲ್ಲ ಎಂದಿದ್ದರೆ ಮಾಸ್ಟ್ರು ಬಹುಶಃ ಉಳಿಯುತ್ತಿದ್ದರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಬಿಡುವ ಅಭ್ಯಾಸ ಇತ್ತು. ಅವರು ಯೋಚಿಸಿದರು. ಪಟ್ಟಿ ಮಾಡುವವರ ಹಾಗೆ, ಪ್ರಾಮಾಣಿಕವಾಗಿ, ಯೋಚಿಸಿದರು. ಆ ಮೌನ ಎಷ್ಟು ಉದ್ದವಾಯಿತು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

"ಸಾಕು ಮಾಸ್ಟ್ರೆ," ಎಂದರು ಹಾಜಿಯವರು. "ನೀವು ಇನ್ನು ಬರುದು ಬೇಡ."

ವರ್ಷಗಳ ಮೇಲೆ ಮತ್ತೆ "ನೀವು". ಮಾಸ್ಟ್ರು ಪೇಪರನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಕುರ್ಚಿಯ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟರು. ಡ್ರೈವರು ಕಾರಿನ ಬಾಗಿಲು ತೆರೆಯಬೇಕೋ ಬೇಡವೋ ತಿಳಿಯದೆ ಬಾಗಿಲ ಹಿಡಿ ಹಿಡಿದು ನಿಂತಿದ್ದ. ಮಾಸ್ಟ್ರು ಕಾರು ದಾಟಿ ರಸ್ತೆಗಿಳಿದರು. ಹೊರಗೆ ಬೈಕು ನಿಲ್ಲಿಸುತ್ತಿದ್ದ ಮೇಸ್ತ್ರಿಗೆ ಏನೂ ಗೊತ್ತಿರಲಿಲ್ಲ. "ಎಂತ ದಿವಾನರೆ, ಇವತ್ತು ನಡೆದುಕೊಂಡಾ?" ಎಂದ. ಅವರು ಬಸ್ ಸ್ಟಾಪಿನ ಕಡೆ ನಡೆದರು.

ನಾನು ಮರುದಿನ ಮಗನನ್ನು ಕಂಡೆ. ಯಾರು ಹೇಳಿ ಬಿಟ್ಟದ್ದು ಎಂಬುದನ್ನಾದರೂ ತಂದೆಗೆ ಹೇಳು ಎಂದೆ.

"ಹೇಳ್ತೇನೆ ಸರ್. ಈಗ ಬೇಡ. ನಿನ್ನೆಯಿಂದ ಅವರು ಊಟ ಸರಿ ಮಾಡ್ಲಿಲ್ಲ. ಸ್ವಲ್ಪ ಇಳಿಯಲಿ."

ಇಳಿಯುವುದನ್ನು ನಾನು ಎರಡು ವಾರ ಕಾದೆ. ಮಗ ಒಂದು ಹೊಸ ಫೋನು ತಂದ. ಪೇಪರನ್ನು ತಾನೇ ಗಟ್ಟಿಯಾಗಿ ಓದುವಂಥದ್ದು. ಅದು ಪುಟದ ನಂಬ್ರ, ಚಿನ್ನದಂಗಡಿಯ ಜಾಹೀರಾತು, ಫೋನ್ ನಂಬ್ರಗಳನ್ನೆಲ್ಲ ಒಂದೇ ದನಿಯಲ್ಲಿ ಓದುತ್ತಿತ್ತು. ಹಾಜಿಯವರು ತಲೆ ತಗ್ಗಿಸಿ ಕೇಳುತ್ತಿದ್ದರು. ಯಾರೋ ನಕ್ಕಾಗ "ಇದು ಬಿಡುದಿಲ್ಲ, ಅಷ್ಟು ಸಾಕು" ಎಂದರು. ಆದರೆ ಯಾವ ಪುಟ ತೆರೆಯಬೇಕು ಎಂದು ಒತ್ತುವ ಬೆರಳು ಮಗನದ್ದೇ ಆಗಿತ್ತು. ಹತ್ತು ದಿನದಲ್ಲಿ ಹಾಜಿಯವರು ಅದನ್ನೂ ನಿಲ್ಲಿಸಿದರು.

ನನಗೆ ಗೊತ್ತಿರುವ ಕೆಲಸ ಬರೆಯುವುದು. ಒಂದು ಪುಟದ ಕಾಗದ ಬರೆದೆ. ಮಾಸ್ಟ್ರು ಆ ಹೆಸರನ್ನು ಯಾಕೆ ಬಿಟ್ಟರು, ಯಾರ ಮಾತಿಗೆ ಬಿಟ್ಟರು, ಹೇಳಿಬಿಡಲಾ ಎಂದು ನನ್ನನ್ನು ಕೇಳಿದ್ದು, ಎಲ್ಲ ಬರೆದು ಹಾಜಿಯವರ ಕೈಗೇ ಕೊಟ್ಟೆ. ಕೊಟ್ಟ ಮೇಲೆ ಹೊಳೆಯಿತು, ಅದನ್ನು ಅವರಿಗೆ ಓದಿ ಹೇಳುವವರು ಯಾರು ಎಂದು. ಅಷ್ಟು ಹೊತ್ತಿಗೆ ಅವರು ಮಗನನ್ನು ಕರೆದಾಗಿತ್ತು.

ಮರುದಿನ ಮೆಟ್ಟಿಲಿಳಿಯುವಾಗ ಹಾಜಿಯವರು ಕೂಗಿ ಹೇಳಿದರು. "ನಿಮ್ಮ ಕಾಗದ ಓದಿಸಿದೆ. ನಳ್ಳಿ ಸೋರುತ್ತದಂತಲ್ಲ, ಪ್ಲಂಬರ್ ಬರ್ತಾನೆ."

ಪ್ಲಂಬರ್ ಬಂದ. ನನ್ನ ಅಡುಗೆಕೋಣೆಯ ನಳ್ಳಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದರಲ್ಲಿ ಎಂತ ತೊಂದರೆ ಸರ್? ಸರಿ ಉಂಟಲ್ಲ" ಎಂದ. ಆದರೂ ಹೊಸ ವಾಷರ್ ಹಾಕಿ ಹೋದ.

ಒಂದು ಬೆಳಿಗ್ಗೆ ಹಡಗು ಬಂದಿದೆಯೆಂದು ಮಗ ನಸುಕಿನಲ್ಲೇ ಪಣಂಬೂರಿಗೆ ಹೋಗಿದ್ದ. ಸಿಟೌಟಿಗೆ ಈಗೀಗ ಜನ ಕಡಿಮೆ. ಅಂದು ಯಾರೂ ಇರಲಿಲ್ಲ. ನಾನು ಹೋಗಿ ಕೂತೆ.

"ಹಾಜಿಯವರೆ, ನಾನು ಕೊಟ್ಟ ಕಾಗದ ನಳ್ಳಿಯದ್ದಲ್ಲ."

"ಗೊತ್ತುಂಟು."

ನಾನು ಕುರ್ಚಿಯನ್ನು ಹತ್ತಿರ ಎಳೆದೆ.

"ನಳ್ಳಿ ಹಾಳಾದರೆ ನೀವು ಮೇಲಿಂದ ಬೊಬ್ಬೆ ಹೊಡೆಯುದು. ಆರು ವರ್ಷದಿಂದ ನೋಡ್ತೇನೆ. ಅದಕ್ಕೆಲ್ಲ ಕಾಗದ ಬರೆಯುವ ಜನ ಅಲ್ಲ ನೀವು" ಎಂದರು. "ಅದರಲ್ಲಿ ಎಂತ ಉಂಟು ಅಂತ ಯಾರನ್ನು ಕೇಳುದು? ಓದಿದವನು ನನ್ನ ಮಗ. ಹೇಳಿ ಈಗ."

ಹೇಳಿದೆ. ಮುಗಿದ ಮೇಲೆ ಕೇಳಿದರು:

"ಅವತ್ತು ಬೆಳಿಗ್ಗೆ ನೀವು ಇಲ್ಲಿದ್ರಾ?"

"ಇದ್ದೆ."

"ಮಾಸ್ಟ್ರು ಬಿಟ್ಟದ್ದು ನಿಮಗೆ ಗೊತ್ತಾಯ್ತಾ?"

"ಗೊತ್ತಾಯಿತು. ಪುಟ ಮಾಡಿದ್ದು ನಾನೇ."

"ಹದಿನಾರು ದಿನವೂ ಗೊತ್ತಿತ್ತು."

"ಹೌದು."

ಅವರು ಮುಂದೆ ಏನಾದರೂ ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಬೈಯಲಿಲ್ಲ. ಒಳಗಿನಿಂದ ಚಾ ಬಂತು. ನನಗೂ ಒಂದು ಲೋಟ. ಮಾಸ್ಟ್ರನ್ನು ಮತ್ತೆ ಕರೆಸಿ ಎಂದು ನಾನು ಕೇಳಿಕೊಂಡೆ. ಅವರದ್ದು ತಪ್ಪು, ಆದರೆ ಅವರೊಬ್ಬರದ್ದೇ ಅಲ್ಲ ಎಂದೆ.

"ಕರೆದರೆ ಬರ್ತಾನೆ, ನನಗೆ ಗೊತ್ತಿಲ್ವಾ? ಮೊದಲಿನ ಹಾಗೆಯೇ ಓದ್ತಾನೆ ಕೂಡ" ಎಂದರು. "ಕೇಳುವವನು ನಾನಲ್ವಾ. ಒಂದೊಂದು ಹೆಸರು ಆದ ಮೇಲೂ ಇನ್ನೊಂದು ಉಂಟಾ, ಇನ್ನೊಂದು ಉಂಟಾ ಅಂತ ಮನಸ್ಸು ಕೇಳ್ತದೆ. ಅದಕ್ಕೆ ಅವನೆಂತ ಮಾಡಿಯಾನು, ಪಾಪ."

"ಮಗನಿಗೆ ಎಂತ ಹೇಳ್ತೀರಿ?"

"ಎಂತ ಹೇಳುದು? ಬೆಳಿಗ್ಗೆ ರಾತ್ರಿ ಮಾತ್ರೆ ಕೊಡುದು ಅವನು. ಯಾವ ಮಾತ್ರೆ ಅಂತ ನನಗೆ ಕಾಣುದಿಲ್ಲ."

ಆ ಭಾನುವಾರ ವಾಮಂಜೂರಿಗೆ ಹೋದೆ. ಗದ್ದೆ ತುಂಬಿಸಿ ಕಟ್ಟಿದ ಹೊಸ ಮನೆಗಳ ಸಾಲಿನ ಹಿಂದೆ ಮಾಸ್ಟ್ರ ಹಳೆ ಹೆಂಚಿನ ಮನೆ. ಪೇಟೆಯ ಡಿಟಿಪಿ ಅಂಗಡಿಯೊಂದರಿಂದ ಮದುವೆ ಕಾಗದಗಳ ಕರಡು ತಂದು ತಿದ್ದುತ್ತಿದ್ದರು. ಮೇಜಿನ ಮೇಲೆ ಅವುಗಳ ಕಟ್ಟು. ಹಾಜಿಯವರೊಡನೆ ಆದ ಮಾತನ್ನು ಒಂದೂ ಬಿಡದೆ ಹೇಳಿದೆ. ಅವರಿಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟರು.

"ಮಗನ ಹೆಸರು ಯಾಕೆ ಹೇಳಿದ್ರಿ ಸರ್?"

"ನಿಮ್ಮ ಮೇಲಿನ ತಪ್ಪು..."

"ಅವತ್ತು ಎಲ್ಲರ ಎದುರು ನಾನು ಬಾಯಿ ಬಿಡಲಿಲ್ಲ. ಬಿಡ್ಲಿಕ್ಕೆ ಬರ್ತಿರ್ಲಿಲ್ವಾ ನನಗೆ? ಓದುವವ ಹೋದರೆ ಇನ್ನೊಬ್ಬ ಓದುವವ ಸಿಗ್ತಾನೆ ಅಂತ ಬಿಡಲಿಲ್ಲ. ಹಾಜಿಯವರು ಆ ಮಗನ ಜೊತೆಯೇ ಆ ಮನೆಯಲ್ಲಿ ಇರ್ಬೇಕಲ್ಲ."

"ಅವರಿಗೆ ಮೊದಲೇ ಸಂಶಯ ಇತ್ತು ಮಾಸ್ಟ್ರೆ."

"ಸಂಶಯ ಇರುದು ಬೇರೆ, ಕಿವಿಗೆ ಬೀಳುದು ಬೇರೆ" ಎಂದರು ಅವರು. "ನಾನು ಜೀವಮಾನ ಓದಿದವ. ನನಗೆ ಗೊತ್ತುಂಟು."

ಬಸ್ ಸ್ಟ್ಯಾಂಡಿನ ತನಕ ಬಂದರು. ದಾರಿಯಲ್ಲಿ ಒಮ್ಮೆ ಮಾತ್ರ ಕೇಳಿದರು, ಈಗ ಟಪಾಲು ಯಾರು ನೋಡುತ್ತಾರೆ ಎಂದು. ಯಾರೂ ನೋಡುವುದಿಲ್ಲ, ಕಟ್ಟಿ ಇಡುತ್ತಾರೆ ಎಂದೆ. "ಮಾತ್ರೆಯ ಚೀಟಿಯನ್ನಾದರೂ ನೀವು ಒಮ್ಮೊಮ್ಮೆ ನೋಡಿ ಸರ್" ಎಂದರು. ನೋಡುತ್ತೇನೆ ಎಂದೆ. ಆದರೆ ನೋಡಲಾಗಲಿಲ್ಲ. ಹಾಜಿಯವರು ನನ್ನ ಕೈಗೂ ಏನನ್ನೂ ಕೊಡುವುದಿಲ್ಲ.

ಇದರ ಮುಂದಿನದ್ದು ನಾನು ಕಂಡದ್ದಲ್ಲ. ಡ್ರೈವರು ಹೇಳಿದ್ದು.

ಮೊನ್ನೆ ಒಂದು ಶುಕ್ರವಾರ ಜುಮಾ ಮುಗಿಸಿ ಹಾಜಿಯವರು ಕಾರು ಹತ್ತಿ, ಮನೆಗೆ ಬೇಡ, ಬಜಪೆಗೆ ಹೋಗುವ ಎಂದರಂತೆ. ಟೀಚರ ಮನೆಗೆ ಹೋಗಲಿಲ್ಲ. ಯಾರನ್ನೂ ಜೊತೆಗೆ ಕರೆಯಲಿಲ್ಲ. ನೇರ ಸ್ಮಶಾನಕ್ಕೆ. ಶೆಡ್ಡಿನ ಕೆಳಗೆ ಸುಟ್ಟ ಜಾಗ ಎರಡು ಮೂರು ಇದ್ದವು. ಎಲ್ಲದರಲ್ಲೂ ಒಂದೇ ತರದ ಕರಿ. ಹೇಳುವವರು ಯಾರೂ ಅಲ್ಲಿರಲಿಲ್ಲ. ಹಾಜಿಯವರು ಡ್ರೈವರಿನ ಭುಜ ಹಿಡಿದು ನಿಂತು "ಯಾವುದು?" ಎಂದು ಕೇಳಿದರಂತೆ.

"ನೀನೆಂತ ಹೇಳಿದ್ದು?" ಎಂದೆ.

"ನನಗೆಂತ ಗೊತ್ತುಂಟು ಸರ್? ಕೇಳಿದ್ರು ಅಂತ ಒಂದರ ಹತ್ತಿರ ಕರ್ಕೊಂಡು ಹೋಗಿ ನಿಲ್ಲಿಸಿದೆ. ಇದೇ ಅಂದೆ. ಅರ್ಧ ಗಂಟೆ ನಿಂತ್ರು."

ಅವನು ನನ್ನ ಮುಖ ನೋಡುತ್ತಿದ್ದ, ಮಾಡಿದ್ದು ಸರಿಯೋ ತಪ್ಪೋ ನಾನು ಹೇಳಬೇಕು ಎಂಬಂತೆ. ನನಗೆ ಡ್ಯೂಟಿಗೆ ಹೊತ್ತಾಗಿತ್ತು. ಹೋಗಿ ಬರುತ್ತೇನೆ ಎಂದೆ.